ಬಿಡುಗಡೆಯ ಮರುದಿನ

ಆಗಸ್ಟ್‌ನ ಎರಡನೇ ಭಾನುವಾರವನ್ನು ಭಾರತದ ಕಥೋಲಿಕ ಚರ್ಚುಗಳು ಸೆರೆಮನೆಯಲ್ಲಿರುವವರಿಗಾಗಿ ಮೀಸಲಿಟ್ಟಿವೆ. 1941ರ ಆಗಸ್ಟ್ 14ರಂದು ಔಶ್ವಿಟ್ಸ್ ಶಿಬಿರದಲ್ಲಿ ಇನ್ನೊಬ್ಬ ಕೈದಿಯ ಬದಲು ಪ್ರಾಣ ಕೊಟ್ಟ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಸೆರೆಮನೆ ಸೇವೆಯ ಪಾಲಕ ಸಂತ. 1981ರಲ್ಲಿ ಕೇರಳದಲ್ಲಿ ಶುರುವಾದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಸಂಸ್ಥೆಯ ಸ್ವಯಂಸೇವಕರು ಜೈಲಿನೊಳಗೆ ಪ್ರಾರ್ಥಿಸಿ ಬರುವುದಷ್ಟೇ ಅಲ್ಲ, ಬಿಡುಗಡೆಯಾದವರಿಗೆ ಆಸರೆ, ಕೈದಿಗಳ ಮಕ್ಕಳಿಗೆ ಓದು ಎಂದು ದುಡಿಯುತ್ತಾರೆ.

ನಮ್ಮ ಉಡುಪಿ ಜಿಲ್ಲೆಯ ಜೈಲು ಹಿರಿಯಡ್ಕದಲ್ಲಿದೆ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಆದರೆ ಊರಿನ ಬಾಯಿ ಅಷ್ಟರಲ್ಲೇ ತೀರ್ಪು ಕೊಟ್ಟಿರುತ್ತದೆ. ಹೊರಬಂದವನಿಗೆ ಬಾಡಿಗೆ ಮನೆ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ, ತಂಗಿಗೆ ಬಂದ ಸಂಬಂಧವೂ ಮುರಿದುಹೋಗುತ್ತದೆ.

ಜುಲೈ 31ಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ಗಂಗೊಳ್ಳಿ ಬಂದರಿನ ಬೋಟುಗಳಿಗೆ ಜನ ಬೇಕಾಗುವುದೂ ಈ ಭಾನುವಾರದ ಹೊತ್ತಿಗೇ. ಇಲ್ಲಿನ ಕೊಸೆಸಾಂವ್ ಮಾತೆಯ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಸೆರೆಯಲ್ಲಿರುವವರಿಗಾಗಿ ಮೊಣಕಾಲೂರುವ ನಾವು, ಪೂಜೆ ಮುಗಿಸಿ ಪರಿಚಯದ ಬೋಟ್ ಮಾಲೀಕರ ಬಳಿ ಹೋಗಿ ಕೇಳೋಣ: "ಅಣ್ಣ, ಜೈಲಿಂದ ಬಂದವನೊಬ್ಬ ಇದ್ದಾನೆ. ಒಂದು ಸೀಸನ್ ಕೆಲಸ ಕೊಡಿ, ಅವನ ಪರವಾಗಿ ನಾನು ನಿಲ್ಲುತ್ತೇನೆ." ಪ್ರಾರ್ಥನೆಯಷ್ಟೇ ಪವಿತ್ರವಾದ ಸೇವೆ ಇದು. ಜೈಲಿನೊಳಗೆ ಹೋಗಲು ಬೇಕಾದ ಪಾಸ್ ಇದಕ್ಕೆ ಬೇಡ, ಅನುಮತಿ ಬೇಡ. ನಂಬುವ ಧೈರ್ಯವೊಂದಿದ್ದರೆ ಸಾಕು.