ಪ್ರಸಾದವೂ ಪ್ರಚಾರವೂ

ತಿಂಗಳಿಗೊಮ್ಮೆ ನಾನು ಹಾವೇರಿಯಿಂದ ರಾಣೆಬೆನ್ನೂರಿಗೆ ರೈಲಿನಲ್ಲಿ ಹೋಗುವದುಂಟು. ಅಲ್ಲಿಯ ಚಿಕ್ಕದೊಂದು ಪ್ರಸಾದ ನಿಲಯದ ಪಂಚರಲ್ಲಿ ನಾನೂ ಒಬ್ಬನು. ಹಳ್ಳಿಗಳ ಬಡ ಹುಡುಗರು ಅಲ್ಲಿ ಉಂಡು ಊರಿನ ಶಾಲೆಗೆ ಹೋಗುವರು. ದಾನಿಗಳ ಕಾಳುಕಡಿಯಿಂದಲೂ ಕಾಣಿಕೆಯಿಂದಲೂ ಅದು ನಡೆದಿರುವದು. ಧರ್ಮಾರ್ಥ ಸಂಸ್ಥೆಯಾದುದರಿಂದ ಅದರ ಉತ್ಪನ್ನಕ್ಕೆ ಆದಾಯ ತೆರಿಗೆಯ ಮಾಫಿಯುಂಟು. ಈ ಮಾಫಿಯ ಅರ್ಥವೇನೆಂಬುದನ್ನು ನಾನು ಬಹಳ ತಡವಾಗಿ ಕಲಿತೆನು. ಕಲಿತ ಬಗೆಯನ್ನು ವಾಚಕರ ಮುಂದೆ ಒಪ್ಪಿಕೊಳ್ಳುವದೇ ಈ ಲೇಖನದ ಉದ್ದೇಶವು.

ಕೆಲ ವರ್ಷಗಳ ಹಿಂದೆ, ಚುನಾವಣೆಯ ಕಾಲದಲ್ಲಿ, ನಿಲಯದ ವಾರ್ಷಿಕ ಸಮಾರಂಭವು ಒದಗಿತು. ದಾನಿಯೊಬ್ಬರು ನನ್ನನ್ನು ಬದಿಗೆ ಕರೆದು, "ನಮ್ಮ ಅಭ್ಯರ್ಥಿ ಸಲುವಾಗಿ ಎರಡು ಮಾತು ಆಡ್ರಿ" ಎಂದರು. ಆ ವರ್ಷದ ಅಕ್ಕಿಯೆಲ್ಲ ಅವರದು. ನಾನು ಎದ್ದು ನಿಂತು ಆಡಿದೆನು. ಎರಡಲ್ಲ, ಇಪ್ಪತ್ತು ಮಾತು ಆಡಿದೆನು. ಚಪ್ಪಾಳೆಯಾಯಿತು. ಆ ರಾತ್ರಿ ನಿಲಯದಲ್ಲಿಯೇ ಉಳಿದೆನು. ಮುಂಜಾನೆ ಬ್ಯಾಡಗಿಯ ಕಡೆಯ ರೈತನೊಬ್ಬನು ಮಗನ ಟ್ರಂಕನ್ನು ಹೆಗಲ ಮೇಲೆ ಹೊತ್ತು ನನ್ನೆದುರು ನಿಂತನು. "ಯಜಮಾನರ, ನನ್ನ ಮಗ ಇಲ್ಲಿ ಉಣ್ಣೂದು ದೇವರ ಪ್ರಸಾದ ಅಂತ ತಿಳಕೊಂಡಿದ್ದೆ. ಅದು ಓಟಿನ ಅನ್ನ ಅಂತ ನಿನ್ನೆ ಗೊತ್ತಾತ್ರಿ" ಎಂದನು. ಅವನು ಬೇರೆ ಪಕ್ಷದವನು. ಏಳನೆಯ ಇಯತ್ತೆಯ ಆ ಹುಡುಗನು ತಿರುತಿರುಗಿ ನೋಡುತ್ತ ತಂದೆಯ ಹಿಂದೆ ಹೋದನು.

ಪೆಟ್ಟು ತಿಂದ ಮೇಲೆ ನಾವು ಪಂಚರೆಲ್ಲರೂ ಮೌನವ್ರತವನ್ನು ಹಿಡಿದೆವು. ನಮ್ಮ ಹುಡುಗರಲ್ಲಿ ಕೆಲವರ ತಾಯಂದಿರು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ಮರುವರ್ಷ ಅವರಲ್ಲಿ ಇಬ್ಬರು ಬಂದು, ಘಾಟಿನಲ್ಲಿ ಕುಳಿತು ಕುಳಿತು ಕೆಮ್ಮು ಹತ್ತಿರುವದನ್ನೂ, ಕೂಸುಗಳನ್ನು ಮಲಗಿಸಲು ನೆರಳಿಲ್ಲದಿರುವದನ್ನೂ ಹೇಳಿ, "ಸರಕಾರಕ್ಕ ಒಂದು ಅರ್ಜಿ ಬರದುಕೊಡ್ರಿ, ನಿಮ್ಮ ಶಿಕ್ಕಾ ಇದ್ರ ಯಾರರ ಓದತಾರ" ಎಂದು ಬೇಡಿದರು. "ಅದು ರಾಜಕಾರಣವಾಗುತ್ತದೆ, ತಾಯಿ" ಎಂದು ಹೇಳಿ ಕಳುಹಿದೆವು. ಶುದ್ಧರಾಗಿ ಉಳಿದೆವೆಂದು ನಮಗೆ ಸಮಾಧಾನವೂ ಆಯಿತು.

ಈ ಸಮಾಧಾನವನ್ನು ಕೆಡಿಸಿದ್ದು ಹಾವೇರಿ ನಿಲ್ದಾಣದ ಹೆಸರಿನ ಹಲಗೆ. ಆ ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರರ ಹೆಸರಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಈ ತರುಣರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. ಹಳ್ಳಿಯಲ್ಲಿ ಖಾದಿಯ ಕಾರ್ಯವನ್ನು ನಡೆಸಿದವರು. 1943ನೆಯ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದವರು. ಒಂದು ದಿನ ರೈಲಿನ ದಾರಿ ಕಾಯುತ್ತ ಆ ಹೆಸರನ್ನು ಓದಿದಾಗ, ಇವರ ನೂಲುವಿಕೆಯು ಸೇವೆಯೋ ರಾಜಕಾರಣವೋ ಎಂಬ ಪ್ರಶ್ನೆಯು ನನ್ನಲ್ಲಿ ಹುಟ್ಟಿತು.

ಇಂಥದೇ ಪ್ರಶ್ನೆಯು ತೆರಿಗೆಯ ವ್ಯಾಜ್ಯವಾಗಿ ಒಮ್ಮೆ ಲಂಡನ್ನಿನವರೆಗೂ ಹೋಗಿತ್ತು. 1925ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಚರಕಾ ಸಂಘವು ಕಾಂಗ್ರೆಸಿನ ಮಡಿಲಲ್ಲಿ ಹುಟ್ಟಿದ್ದು. ಅದರ ಉತ್ಪನ್ನಕ್ಕೆ ಮಾಫಿ ಸಲ್ಲುವದೋ ಇಲ್ಲವೋ ಎಂಬುದನ್ನು ಪ್ರಿವ್ಹಿ ಕೌನ್ಸಿಲ್ 1944ರಲ್ಲಿ ತೀರ್ಮಾನಿಸಿತು. ಕಾಂಗ್ರೆಸಿನ ಮುಖಂಡರನೇಕರು ಸೆರೆಯಲ್ಲಿದ್ದ ಕಾಲವದು. ಆದರೂ ನ್ಯಾಯಾಧೀಶರು ಸಂಘದ ಕುಲವನ್ನು ನೋಡದೆ ಕೆಲಸವನ್ನು ನೋಡಿದರು. ಬಡವರಿಗೆ ಉದ್ಯೋಗ ಕೊಡುವದು ಧರ್ಮಕಾರ್ಯವೇ ಎಂದು ಸಂಘದ ಪಕ್ಷವಾಗಿ ತೀರ್ಪಿತ್ತರು.

ಸ್ವತಂತ್ರ ಭಾರತದ ಕಾನೂನೂ ಇದೇ ಗೆರೆಯನ್ನು ಎರಡು ಬದಿಯಿಂದ ಎಳೆದಿದೆ. ಧಾರ್ಮಿಕ ಸಂಸ್ಥೆಗಳು ತಮ್ಮ ಸ್ಥಳವನ್ನು ರಾಜಕೀಯ ಪ್ರಚಾರಕ್ಕೂ, ತಮ್ಮ ಹಣವನ್ನು ಪಕ್ಷದ ಲಾಭಕ್ಕೂ ಬಳಸಬಾರದೆಂದು 1988ರ ಕಾಯಿದೆಯು ನಿಷೇಧಿಸಿತು. ಇತ್ತ, ಪಕ್ಷದ ಗುರಿಯಿಲ್ಲದೆ ಜನರ ಹಕ್ಕಿಗೆ ಬೆಂಬಲವಾಗಿ ನಿಂತ ಮಾತ್ರಕ್ಕೆ ಸಂಸ್ಥೆಯೊಂದನ್ನು ರಾಜಕೀಯ ಸ್ವರೂಪದ್ದೆಂದು ದಂಡಿಸಲಾಗದೆಂದು, ವಿದೇಶೀ ದೇಣಿಗೆಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

ನಮ್ಮ ನಿಲಯವು ಗುಡಿಯೂ ಅಲ್ಲ, ಮಠವೂ ಅಲ್ಲ. ವಿದೇಶದ ಹಣವನ್ನಂತೂ ಕಂಡಿಲ್ಲ. ಆದರೂ ನನ್ನೆರಡು ತಪ್ಪುಗಳನ್ನು ಆ ಗೆರೆಯ ಎರಡೂ ಬದಿಗೆ ಕಂಡೆನು. ಸುಮ್ಮನಿರಬೇಕಾದಲ್ಲಿ ಆಡಿದೆನು, ಆಡಬೇಕಾದಲ್ಲಿ ಸುಮ್ಮನಿದ್ದೆನು. ನಮಗೆ ಬಿಟ್ಟುಕೊಟ್ಟ ತೆರಿಗೆಯು ಎಲ್ಲರ ಬೊಕ್ಕಸದ್ದು. ಟ್ರಂಕು ಹೊತ್ತು ಹೋದ ರೈತನು ಬೀಜ ಕೊಂಡಾಗಲೂ ಬಟ್ಟೆ ಕೊಂಡಾಗಲೂ ಒಂದಲ್ಲ ಒಂದು ಬಗೆಯಲ್ಲಿ ಅದಕ್ಕೆ ತನ್ನ ಪಾಲನ್ನು ಸಲ್ಲಿಸಿದವನೇ. ಅವನ ಹಣದಿಂದ ಅವನ ಎದುರಾಳಿಗೆ ಮತ ಬೇಡುವದು ಅನ್ಯಾಯವು. ಅದೇ ಹಣವನ್ನುಂಡು, ಯಾರ ಮಕ್ಕಳಿಗಾಗಿ ನಿಲಯವಿದೆಯೋ ಅವರ ಕೆಮ್ಮಿಗೆ ಕಿವುಡಾಗುವದೂ ಅನ್ಯಾಯವು.

ಮುಂದಿನ ಸಭೆಯಲ್ಲಿ ಎರಡು ಠರಾವುಗಳನ್ನು ಮಂಡಿಸಿದೆನು: ನಿಲಯದ ಹೆಸರಿನಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ವಿರೋಧವಾಗಿಯೂ ಆಡಕೂಡದು, ತೊಟ್ಟು ಬಿಡಿಸುವ ತಾಯಂದಿರ ಅರ್ಜಿಗೆ ನಿಲಯದ ಶಿಕ್ಕೆಯನ್ನೊತ್ತಿ ಕಳುಹಿಸತಕ್ಕದ್ದು. ಮೊದಲನೆಯದು ಸರ್ವಾನುಮತದಿಂದಲೂ, ಎರಡನೆಯದು ಒಂದೇ ಮತದ ಅಂತರದಿಂದಲೂ ಪಾಸಾದವು. ಅಕ್ಕಿಯ ದಾನಿಗಳು ಆ ವರ್ಷದಿಂದ ಅಕ್ಕಿ ಕಳುಹಲಿಲ್ಲ.

ಆ ರೈತನ ಮನೆಗೂ ಹೋಗಿ ತಪ್ಪೊಪ್ಪಿಕೊಂಡೆನು. ಅವನು ಕಂಬಳಿ ಹಾಸಿ ಕುಳ್ಳಿರಿಸಿ ಚಹಾ ಕೊಟ್ಟನು. ಮಗನನ್ನು ಮಾತ್ರ ಮರಳಿ ಕಳುಹಿಸಲಿಲ್ಲ.