ಹಂತದ ಮೇಲೊಂದು ಹಂತ

ಬೆಂಗಳೂರಿನ ಬನಶಂಕರಿಯ ಮೂರನೆಯ ಸ್ಟೇಜಿನ ಮೂರನೆಯ ಫೇಸಿನಲ್ಲಿ ಮನೆ ಕಟ್ಟಿಸಿದ ಗೃಹಸ್ಥರೊಬ್ಬರು, ಗೃಹಪ್ರವೇಶದ ಆಹ್ವಾನಪತ್ರಿಕೆಯನ್ನು ಆದ್ಯಂತವಾಗಿ ಕನ್ನಡದಲ್ಲಿಯೇ ಅಚ್ಚುಹಾಕಿಸಬೇಕೆಂಬ ಸದಭಿಲಾಷೆಯಿಂದ ವಿಳಾಸ ಬರೆಯಲು ಕುಳಿತರೆ ಒದಗುವ ಧರ್ಮಸಂಕಟವನ್ನು ನಿಘಂಟು ಪರಿಹರಿಸಲಾರದು. ಸ್ಟೇಜಿಗೂ ಹಂತವೇ, ಫೇಸಿಗೂ ಹಂತವೇ. ‘3ನೆಯ ಹಂತ, 3ನೆಯ ಹಂತ’ ಎಂದು ಅಚ್ಚಾದರೆ ಬಂಧುವರ್ಗವು ಅದನ್ನು ಮುದ್ರಣಾಲಯದ ಪ್ರಮಾದವೆಂದೆಣಿಸಿ ಒಂದನ್ನು ಮನಸ್ಸಿನಲ್ಲಿಯೇ ಹೊಡೆದುಹಾಕಿ, ಮುಹೂರ್ತ ಮೀರುವವರೆಗೂ ಬೇರೊಂದು ಬೀದಿಯನ್ನು ಸುತ್ತುತ್ತಿದ್ದೀತು. ಒಂದನ್ನು ‘ಘಟ್ಟ’ವೆನ್ನೋಣವೆಂದರೆ, ಉಡುಪಿಯಿಂದ ಬರತಕ್ಕ ಬೀಗರು ಇನ್ನೊಂದು ಆಗುಂಬೆಯನ್ನು ಹತ್ತಬೇಕೇನೋ ಎಂದು ಅಂಜಿಯಾರು. ಜೆ.ಪಿ. ನಗರದವರು ಭಾಗ್ಯಶಾಲಿಗಳು, ಅವರಲ್ಲಿರುವುದು ಬರಿಯ ಫೇಸು, ಹಂತವೆಂದರೆ ಮುಗಿಯಿತು.

ಲೇಔಟಿಗೂ ಎಕ್ಸ್‌ಟೆನ್ಷನ್ನಿಗೂ ‘ಬಡಾವಣೆ’ ಎಂಬ ಒಂದೇ ಮಾತು ಸಲ್ಲುತ್ತ ಬಂದಿದ್ದರೂ ಯಾರಿಗೂ ಬಾಧೆಯಾಗಿಲ್ಲ. ಅವೆರಡನ್ನೂ ಒಂದೇ ವಿಳಾಸದಲ್ಲಿ ಜೊತೆಗೂಡಿಸುವ ಪ್ರಸಂಗ ಬಾರದೆ ಇರುವುದೇ ಅದಕ್ಕೆ ಕಾರಣ.

ಜಯನಗರದ ತೊಡಕು ಬೇರೆ ಬಗೆಯದು. ಅಲ್ಲಿ ಮೇನು ಒಂದು ದಿಕ್ಕಿಗೆ ಹರಿದರೆ ಕ್ರಾಸು ಅದನ್ನು ಅಡ್ಡಹಾಯುತ್ತದೆ. ಆದುದರಿಂದ ‘ಅಡ್ಡರಸ್ತೆ’ಯೆಂಬುದು ಕುಂದಿಲ್ಲದ ಶಬ್ದ. ಆದರೆ ಮೇನನ್ನು ‘ಮುಖ್ಯರಸ್ತೆ’ಯೆಂದು ಫಲಕದ ಮೇಲೆ ಬರೆದೊಡನೆ, ದಿಕ್ಕನ್ನಷ್ಟೇ ಸೂಚಿಸುತ್ತಿದ್ದ ಪದಕ್ಕೆ ಇಲ್ಲದ ಘನತೆಯೊಂದು ಪ್ರಾಪ್ತವಾಗಿ, ಎರಡು ಕಾರುಗಳು ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಓಣಿಯೂ ರಾಜಮಾರ್ಗದ ಪದವಿಗೇರುತ್ತದೆ. ಆಟೋದವರು ಈ ಪದವೀಪ್ರದಾನಕ್ಕೆ ಸೊಪ್ಪುಹಾಕದೆ, ‘ಎಷ್ಟನೇ ಮೇನು ಸಾರ್?’ ಎಂದೇ ಕೇಳುವರು.

ಇದೇ ಜಯನಗರದಲ್ಲಿ ಬಾಳಿ, 2021ರಲ್ಲಿ ತಮ್ಮ ನೂರೇಳರ ವಯಸ್ಸಿನಲ್ಲಿ ದಿವಂಗತರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹನ್ನಿಘಂಟಿಗೆ ದುಡಿದುದಲ್ಲದೆ, ‘ಪ್ರಜಾವಾಣಿ’ಯ ‘ಇಗೋ ಕನ್ನಡ’ದಲ್ಲಿ ಓದುಗರ ಶಬ್ದಸಂದೇಹಗಳಿಗೆ ವರ್ಷಗಟ್ಟಲೆ ಸಮಾಧಾನ ಹೇಳಿದರು, ಎರವಲು ಪದಗಳಿಗೆಂದೇ ಒಂದು ಕೋಶವನ್ನೂ ರಚಿಸಿದರು. ಅಂಥ ವಿದ್ವಾಂಸರೇ ಎರವಲನ್ನು ಆದರಿಸಿರುವಾಗ, ನಮ್ಮ ಗೃಹಸ್ಥರು ಫೇಸನ್ನು ಹಂತವಾಗಿಸಿ ಸ್ಟೇಜನ್ನು ಸ್ಟೇಜಾಗಿಯೇ ಉಳಿಸಿಕೊಂಡರೆ ಕನ್ನಡಕ್ಕೆ ಲೋಪವೇನೂ ಬಾರದೆಂಬುದು ನನ್ನ ಮತ.

ಇನ್ನು, ಭೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಊರುಗಳನ್ನು ಬಿ.ಟಿ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಡಿಯಲ್ಲಿ ಹುಗಿದಿಟ್ಟು, ಕೊನೆಯ ‘ಲೇಔಟ’ನ್ನು ಮಾತ್ರ ‘ಬಡಾವಣೆ’ಯೆಂದು ತಿದ್ದಿ ಕೃತಾರ್ಥರಾಗುವವರಿಗೆ ಏನು ಹೇಳಬೇಕೆಂಬುದು ನನಗೆ ತೋಚದು.