ಯಾರನ್ನು ನೋಡಿ ಯಾರು

ಮಗುವಿಗೆ ಅನ್ನ ತಿನ್ನಿಸುವವರ ಮುಖವನ್ನು ಒಮ್ಮೆ ಗಮನಿಸಿ ನೋಡಬೇಕು. ತುತ್ತು ಮಗುವಿನ ಬಾಯಿಯ ಹತ್ತಿರ ಹೋದ ಹಾಗೆ ತಿನ್ನಿಸುವವರ ಬಾಯಿಯೂ ತಾನಾಗಿಯೇ ತೆರೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಂತೂ ಪುಟ್ಟಿಗೆ ಊಟ ಮಾಡಿಸುವಾಗ ಅವಳ ಅಮ್ಮ, ಅಪ್ಪ, ಪೇಪರು ಹಿಡಿದು ಕುಳಿತ ತಾತ, ಎಲ್ಲರೂ ಒಟ್ಟಿಗೆ 'ಆ' ಎನ್ನುತ್ತಾರೆ. ತೆರೆಯದೇ ಇರುವುದು ಒಂದೇ ಬಾಯಿ, ಪುಟ್ಟಿಯದು. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತವೆ ಎಂಬ ಮಾತನ್ನು ನಂಬಿಕೊಂಡೇ ನಾನು ನನ್ನ ಮಕ್ಕಳನ್ನು ಬೆಳೆಸಿದ್ದು. ಆಗ ಒಲೆಯ ಮೇಲೆ ಹಾಲು, ನಲ್ಲಿಯಲ್ಲಿ ನೀರು, ನಿಂತು ನೋಡಲು ಪುರುಸೊತ್ತೆಲ್ಲಿ? ಮೊಮ್ಮಗಳ ಕಾಲಕ್ಕೆ ಸುಮ್ಮನೆ ನೋಡುತ್ತ ಕೂರುವ ಭಾಗ್ಯ ಬಂದಿದೆ. ಅದರ ಜೊತೆಗೇ ಯಾರು ಯಾರನ್ನು ನೋಡಿ ಮಾಡುತ್ತಿದ್ದಾರೆ ಎನ್ನುವ ಅನುಮಾನವೂ ಬಂದಿದೆ.

ಈ ಅನುಮಾನ ತಿಳಿದವರಿಗೂ ಬಂದಿದೆ. 1977ರಲ್ಲಿ ಮೆಲ್ಟ್ಜಾಫ್ ಮತ್ತು ಮೂರ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹುಟ್ಟಿ ಎರಡು ಮೂರು ವಾರವಾದ ಶಿಶುವಿನ ಎದುರು ನಾಲಿಗೆ ಚಾಚಿದರೆ ಅದೂ ಚಾಚುತ್ತದೆ ಎಂದು. ಕನ್ನಡಿಯನ್ನೇ ಕಾಣದ ಕೂಸು ಎದುರಿನವರ ನಾಲಿಗೆ ನೋಡಿ ತನ್ನ ನಾಲಿಗೆಯನ್ನು ಹುಡುಕಿಕೊಂಡಿತಲ್ಲ ಎಂದು ಲೋಕ ಬೆರಗಾಯಿತು. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನೂರಕ್ಕೂ ಹೆಚ್ಚು ಶಿಶುಗಳನ್ನು ಮೊದಲ ವಾರದಿಂದ ಒಂಬತ್ತನೆಯ ವಾರದ ತನಕ ನಾಲ್ಕು ಸಲ ಪರೀಕ್ಷಿಸಿ, ಹಾಗೇನೂ ಇಲ್ಲ, ಬೇರೆ ಏನು ತೋರಿಸಿದರೂ ಅವು ಅಷ್ಟೇ ನಾಲಿಗೆ ಚಾಚುತ್ತವೆ ಎಂದರು. ಜಗಳ ಇನ್ನೂ ಮುಗಿದಿಲ್ಲ. ನನ್ನ ಸಾಕ್ಷಿ ಯಾರೂ ಕೇಳಿಲ್ಲ, ಕೇಳಿದರೆ ಹೇಳುತ್ತೇನೆ: ಮಗು ನಾಲಿಗೆ ಚಾಚಿದರೆ ಮನೆಮಂದಿಯೆಲ್ಲ ಚಾಚುವುದಂತೂ ಖಂಡಿತ.

ಹೆಜ್ಜೆಯ ವಿಷಯ ಇನ್ನೂ ಸ್ವಾರಸ್ಯದ್ದು. ಬಾಣಂತನದಲ್ಲಿ ನೀರು ಹಾಕಲು ಬರುತ್ತಿದ್ದಾಕೆ ಪುಟ್ಟಿಯನ್ನು ಕಂಕುಳಲ್ಲಿ ಹಿಡಿದು ನಿಲ್ಲಿಸಿದರೆ ಕೂಸು ಒಂದೊಂದೇ ಕಾಲೆತ್ತಿ ಹೆಜ್ಜೆ ಹಾಕುತ್ತಿತ್ತು. "ನೋಡಿ ಅಮ್ಮಾವ್ರೆ, ಈಗ್ಲೇ ಊರು ಸುತ್ತೋ ಕಾಲು" ಎಂದು ಆಕೆ ಹಿಗ್ಗುತ್ತಿದ್ದಳು. ಎರಡು ತಿಂಗಳಾಗುವ ಹೊತ್ತಿಗೆ ಅದು ನಿಂತೇಹೋಯಿತು. ಯಾರ ಕಣ್ಣು ಬಿತ್ತೋ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಕಣ್ಣಲ್ಲ, ಅದು ಕೊಬ್ಬು. ಎಸ್ತರ್ ಥೆಲೆನ್ ಎಂಬ ವಿಜ್ಞಾನಿ ಅಂಥ ಮಕ್ಕಳನ್ನು ಸೊಂಟದ ತನಕ ನೀರಿನಲ್ಲಿ ನಿಲ್ಲಿಸಿದಳು. ನೀರು ಭಾರ ಹೊತ್ತಿತು, ಕಳೆದುಹೋದ ಹೆಜ್ಜೆ ಮತ್ತೆ ಬಂತು. ಇನ್ನೂ ಹೆಜ್ಜೆ ಹಾಕುತ್ತಿದ್ದ ಎಳೆಯ ಕೂಸಿನ ಕಾಲಿಗೆ ಸಣ್ಣ ತೂಕ ಕಟ್ಟಿದರೆ ಹೆಜ್ಜೆ ಕಡಿಮೆಯಾಯಿತು. ಹೆಜ್ಜೆ ಎಲ್ಲಿಯೂ ಹೋಗಿರಲಿಲ್ಲ. ತೊಡೆ ದಪ್ಪವಾದಷ್ಟು ಬೇಗ ಅದನ್ನು ಎತ್ತುವ ಕಸುವು ಬಂದಿರಲಿಲ್ಲ, ಅಷ್ಟೆ. ನಾವು ದೃಷ್ಟಿ ತೆಗೆಯುತ್ತಿದ್ದಾಗ ಪುಟ್ಟಿ ಅಂಗಾತ ಮಲಗಿ ಅದೇ ಹೆಜ್ಜೆಯನ್ನು ಗಾಳಿಗೆ ಒದೆಯುತ್ತಿದ್ದಳು.

ಆಮೇಲೆ ಮಗುಚಿದಳು, ಆನೆ ಆಡಿದಳು, ಅಂಬೆಗಾಲಿಟ್ಟಳು. ಹೊಸಿಲು ದಾಟಿದ ದಿನ ಸಿಹಿ ಮಾಡಿದ್ದೂ ಆಯಿತು. ಇವುಗಳಲ್ಲಿ ಒಂದನ್ನಾದರೂ ಅವಳು ಯಾರನ್ನು ನೋಡಿ ಕಲಿತಳು? ಈ ಮನೆಯಲ್ಲಿ ಅಂಬೆಗಾಲಿಡುವವರು ಯಾರಿದ್ದಾರೆ? ಅವಳು ಹರಿದಾಡುವುದು ಕಂಡ ಮೇಲೆ ನಾವೇ ಸೋಫಾದ ಹಿಂದೆ ಮುಂದೆ ಮಂಡಿಯೂರಿ ಹರಿದದ್ದು. ಮಂಚದ ಅಂಚಿಗೆ ಬಂದರೆ ತಿರುಗಿ, ಕಾಲು ಮೊದಲು ಇಳಿಬಿಟ್ಟು, ಜಾಣೆಯ ಹಾಗೆ ಇಳಿಯುವುದನ್ನೂ ತಾನೇ ಕಂಡುಕೊಂಡಿದ್ದಳು. ಎದ್ದು ನಡೆಯಲು ಶುರು ಮಾಡಿದ್ದೇ ಆ ಜಾಣತನವೆಲ್ಲ ಮಾಯ. ಮೆಟ್ಟಿಲಿಗೂ ನೆಲಕ್ಕೂ ವ್ಯತ್ಯಾಸವೇ ಇಲ್ಲದವಳಂತೆ ನುಗ್ಗುತ್ತಾಳೆ. ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ ಮಕ್ಕಳನ್ನು ಇಳಿಜಾರು ಹಲಗೆಗಳ ಮೇಲೆ ಬಿಟ್ಟು ಇದನ್ನೇ ಕಂಡಿದ್ದಾರೆ: ಅಂಬೆಗಾಲಲ್ಲಿ ಯಾವ ಇಳಿಜಾರು ಅಪಾಯ ಎಂದು ಕಲಿತ ಮಗು, ನಡೆಯತೊಡಗಿದ ಮೇಲೆ ಅದನ್ನು ಮೊದಲಿನಿಂದ ಕಲಿಯಬೇಕು. ಕೆಳಗಿದ್ದವಳ ವಿದ್ಯೆ ಎದ್ದು ನಿಂತವಳಿಗೆ ಬರುವುದಿಲ್ಲ. ಬಡ್ತಿ ಸಿಕ್ಕ ಗುಮಾಸ್ತರಲ್ಲೂ ಇದನ್ನು ನೋಡಿದ್ದೇನೆ.

ಅದೇ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಎಣಿಸಿ ಹೇಳಿದ್ದು: ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಗು ಆಟದಲ್ಲಿ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಅಂಬೆಗಾಲಲ್ಲಿ ಪಳಗಿದ ಮಗುವೂ ಹೆಚ್ಚು ಕಡಿಮೆ ಅಷ್ಟೇ ಬೀಳುತ್ತದೆ, ಆದರೆ ಹೊಸದಾಗಿ ನಡೆಯುವ ಮಗು ಅದಕ್ಕಿಂತ ದೂರ ಹೋಗುತ್ತದೆ. ಬೀಳುವುದು ಹೇಗೂ ತಪ್ಪಿದ್ದಲ್ಲ ಎಂದಮೇಲೆ ಎದ್ದು ಓಡುವುದರಲ್ಲೇ ಲಾಭ. ನನಗೆ ಆ 17 ದೊಡ್ಡ ಸಂಖ್ಯೆಯಾಗಿ ಕಾಣುತ್ತದೆ. ಬಿದ್ದಾಗ ಪುಟ್ಟಿ ಮೊದಲು ಅಳುವುದಿಲ್ಲ, ಸುತ್ತ ನೋಡುತ್ತಾಳೆ. "ಅಯ್ಯೋ!" ಎಂದು ನಾನು ಕೂಗಿದರೆ ಅಳು, ಕೂಗದಿದ್ದರೆ ಎದ್ದು ಮುಂದಿನ ಹೆಜ್ಜೆ. ಬೀಳುವುದನ್ನು ತಾನೇ ಕಲಿತವಳು, ಅಳುವುದಕ್ಕೆ ಮಾತ್ರ ನನ್ನನ್ನು ಕೇಳುತ್ತಾಳೆ.

ನಡುವೆ ನೆಂಟರ ಫೋನು. ಅವರ ಮೊಮ್ಮಗ ಹತ್ತು ತಿಂಗಳಿಗೇ ಓಡಾಡುತ್ತಾನಂತೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ತಾನಾಗಿ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳ ತನಕ ಎಲ್ಲಿ ಬೇಕಾದರೂ ಬೀಳಬಹುದು. ನೂರಕ್ಕೆ ನಾಲ್ಕು ಮಕ್ಕಳು ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ. ಇದನ್ನು ಫೋನಿನಲ್ಲಿ ಹೇಳಿದರೆ "ಪಾಪ, ಸಮಾಧಾನ ಮಾಡ್ಕೊತಿದಾರೆ" ಎನ್ನುತ್ತಾರೆಂದು ಹೇಳಲಿಲ್ಲ.

ಹಾಗಾದರೆ ಅನುಕರಣೆ ಇಲ್ಲವೇ? ಇದೆ, ಆದರೆ ಅದು ನಡೆಯುವುದು ಅವಳ ಆಯ್ಕೆಯ ಮೇಲೆ. ಚನ್ನಪಟ್ಟಣದಿಂದ ತಂದ ಮೂರು ಗಾಲಿಯ ಮರದ ಗಾಡಿಯನ್ನು ತಳ್ಳಿಕೊಂಡು ನಡೆಯಲಿ ಎಂದು ನಾನೇ ಬಗ್ಗಿ ತಳ್ಳಿ ತೋರಿಸಿದೆ. ಅವಳು ಗಾಡಿಯನ್ನು ಬೋರಲು ಹಾಕಿ ಗಾಲಿ ತಿರುಗಿಸಿದಳು. ಯಾರೂ ತೋರಿಸದ ಪೊರಕೆ ಬೇಕು, ಲಟ್ಟಣಿಗೆ ಬೇಕು, ತಾತನ ಹಾಗೆ ಬೆನ್ನ ಹಿಂದೆ ಕೈಕಟ್ಟಿ ನಡೆಯಬೇಕು. 2002ರಲ್ಲಿ ಹಂಗೇರಿಯ ಗೆರ್ಗೆಲಿ ಮತ್ತು ಜೊತೆಗಾರರು ಹದಿನಾಲ್ಕು ತಿಂಗಳ ಮಕ್ಕಳ ಮುಂದೆ, ಒಬ್ಬಾಕೆ ಹಣೆಯಿಂದ ಒತ್ತಿ ದೀಪ ಹೊತ್ತಿಸುವುದನ್ನು ತೋರಿಸಿದರು. ಆಕೆಯ ಕೈ ಬಿಡುವಾಗಿದ್ದಾಗ ನೂರಕ್ಕೆ 69 ಮಕ್ಕಳು ತಾವೂ ಹಣೆ ಒತ್ತಿದವು. ಆಕೆ ಚಳಿಗೆ ಹೊದಿಕೆ ಹಿಡಿದುಕೊಂಡಿದ್ದಾಗ 21 ಮಾತ್ರ. ಉಳಿದವು ಕೈಯಿಂದಲೇ ಒತ್ತಿದವು. ಆಕೆಗೆ ಕೈ ಇರಲಿಲ್ಲ, ನಮಗಿದೆಯಲ್ಲ ಎಂಬ ಲೆಕ್ಕ. ಅಂದಮೇಲೆ ತಾತ ಕೈಕಟ್ಟುವುದಕ್ಕೂ ಏನೋ ಘನವಾದ ಕಾರಣವಿರಬೇಕೆಂದು ಪುಟ್ಟಿ ಎಣಿಸಿದ್ದಾಳೆ. ಅದು ಸೊಂಟನೋವು ಎಂದು ಯಾರು ಹೇಳುವುದು? ನೆಲದಿಂದ ಏಳುವಾಗ ನಾನು "ಅಮ್ಮಾ" ಎಂದು ಗೋಡೆ ಹಿಡಿಯುತ್ತೇನೆ. ಪುಟ್ಟಿಯೂ ಈಗ "ಅಮ್ಮಾ" ಎಂದೇ ಏಳುತ್ತಾಳೆ.

ಮಗಳು ದಿನಾ ಬೆಳಿಗ್ಗೆ ಫೋನಿನಲ್ಲಿ ಯೋಗದ ಕ್ಲಾಸು ಕೇಳುತ್ತಾಳೆ, ತಿಂಗಳಿಗೆ ಫೀಸು ಕಟ್ಟಿ. ಅಂಗಾತ ಮಲಗಿ ಎರಡೂ ಪಾದ ಹಿಡಿದುಕೊಂಡರೆ ಆನಂದ ಬಾಲಾಸನ. ಆರು ತಿಂಗಳಲ್ಲಿ ಪುಟ್ಟಿ ದಿನವಿಡೀ ಮಾಡಿದ್ದು ಅದನ್ನೇ. ಬೋರಲು ಮಲಗಿ ಎದೆ ಎತ್ತಿದರೆ ಭುಜಂಗಾಸನ, ಅದೂ ಆಗಿತ್ತು. ಮೊನ್ನೆ ಮಗಳು ಅಂಗೈ, ಅಂಗಾಲು ಊರಿ ಸೊಂಟ ಎತ್ತುವ ಅಧೋಮುಖ ಶ್ವಾನಾಸನಕ್ಕೆ ಒದ್ದಾಡುತ್ತಿದ್ದಳು. ಪಕ್ಕದಲ್ಲೇ ಪುಟ್ಟಿ ಲೀಲಾಜಾಲವಾಗಿ ಬಗ್ಗಿ, ಎರಡು ಕಾಲುಗಳ ನಡುವಿನಿಂದ ನಮ್ಮನ್ನೆಲ್ಲ ತಲೆಕೆಳಗಾಗಿ ನೋಡಿದಳು. ಕರಿಬೇವು ಕೇಳಿಕೊಂಡು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ನಕ್ಕರು: "ಓಹೋ, ತಮ್ಮನ್ನ ಕರೀತಿದಾಳಲ್ರೀ!"

ಏನದು ಎಂದಳು ಮಗಳು. ಮಗು ಹಾಗೆ ಬಗ್ಗಿ ನೋಡಿದರೆ ಅದರ ಬೆನ್ನಿಗೆ ಇನ್ನೊಂದು ಮಗು ಬರುತ್ತೆ ಅಂತಾರೆ ಎಂದೆ. ಚಾಪೆಯ ಮೇಲೆ ಥಟ್ಟನೆ ಎದ್ದು ಕುಳಿತಳು.

"ಅಮ್ಮ, ಮೊದ್ಲು ಅವಳನ್ನ ನೆಟ್ಟಗೆ ನಿಲ್ಸು!"